ಕಾಳಿನ ಬಣ್ಣ ಇರುವುದು ಸಿಪ್ಪೆಯಲ್ಲಿ

ಎಲ್ಲರಿಗೂ ನಮಸ್ಕಾರ. ಗದಗಿನವರ ಮುಂದೆ ಹೆಸರುಕಾಳಿನ ಬಗ್ಗೆ ಮಾತಾಡಲು ಧೈರ್ಯ ಬೇಕು. ಮುಂಗಾರಿಗೆ ಹೆಸರು ಬಿತ್ತಿ, ಅದನ್ನು ತೆಗೆದ ಮೇಲೆ ಅದೇ ಎರೆಹೊಲಕ್ಕೆ ಕಡಲೆಯನ್ನೋ ಬಿಳಿಜೋಳವನ್ನೋ ಹಾಕುವವರು ನೀವು. ಕಾಳಿನ ಗುಣ, ರೇಟು ಎರಡೂ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಸಿಪ್ಪೆಯ ಮಾತಷ್ಟೇ ಆಡುತ್ತೇನೆ.

ಕಾಳಿಗೆ ಬಣ್ಣ ಕೊಡುವ, ಪಾಲಿಫಿನಾಲ್ ಎಂಬ ಸಸ್ಯದ ರಾಸಾಯನಿಕಗಳು ಹೆಚ್ಚಾಗಿ ಇರುವುದು ಸಿಪ್ಪೆಯಲ್ಲೇ. ಹೆಸರಿನ ಸಿಪ್ಪೆಯಲ್ಲಿ ವಿಟೆಕ್ಸಿನ್, ಐಸೊವಿಟೆಕ್ಸಿನ್ ಎಂಬ ಪಾಲಿಫಿನಾಲ್‌ಗಳಿವೆ. ಕಪ್ಪು ಬೀನ್ಸಿನ ಬಣ್ಣ ಆಂಥೋಸಯನಿನ್ ಎಂಬ ಇನ್ನೊಂದು ಪಾಲಿಫಿನಾಲ್‌ನದು. ನೇರಳೆಹಣ್ಣು ತಿಂದಾಗ ನಾಲಿಗೆಗೆ ಹತ್ತುವುದೂ ಅದೇ. ಕೆಂಪು, ಕಂದು ಕಾಳುಗಳಲ್ಲಿ ಒಗರು ರುಚಿಯ ಟ್ಯಾನಿನ್ ಜಾಸ್ತಿ. ಗಿಡ ಇದನ್ನೆಲ್ಲ ನಮಗೋಸ್ಕರ ಮಾಡಿದ್ದಲ್ಲ, ಬೀಜಕ್ಕೆ ಹುಳ, ಬೂಷ್ಟು ಹತ್ತಬಾರದೆಂದು ಮಾಡಿಕೊಂಡದ್ದು.

ಇನ್ನು ಆಂಟಿಆಕ್ಸಿಡೆಂಟ್, ಅಂದರೆ ಆಕ್ಸಿಜನ್‌ನಿಂದ ಜೀವಕೋಶಕ್ಕಾಗುವ ಹಾನಿ ತಡೆಯುವ ವಸ್ತು; ಪಾಲಿಫಿನಾಲೂ ಅಂಥದ್ದೇ. ಈ ಪದ ಈಗ ಬಿಸ್ಕೀಟಿನ ಪಾಕೀಟಿನ ಮೇಲೂ ಬಂದು ಕೂತಿದೆ. ಲ್ಯಾಬಿನಲ್ಲಿ ಅಳೆದರೆ ಸಿಪ್ಪೆಗೆ ಒಳ್ಳೆಯ ಅಂಕ ಬರುತ್ತದೆ, ನಿಜ. ಹೊಟ್ಟೆಯಲ್ಲಿ ನಡೆಯುವುದೇ ಬೇರೆ. ಅಮೆರಿಕದ ಕೃಷಿ ಇಲಾಖೆ ಇಂಥ ಅಂಕಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಕಂಪನಿಗಳು ಅದನ್ನು ತೋರಿಸಿ ಮಾಲು ಮಾರತೊಡಗಿದವು. ಕೊನೆಗೆ 2012ರಲ್ಲಿ, ಈ ಅಂಕಕ್ಕೂ ದೇಹಕ್ಕಾಗುವ ಲಾಭಕ್ಕೂ ನಂಟು ಕಾಣುತ್ತಿಲ್ಲವೆಂದು ಇಲಾಖೆಯೇ ಪಟ್ಟಿ ತೆಗೆದುಹಾಕಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು.

ಹಾಗಾದರೆ ಸಿಪ್ಪೆ ಸುಮ್ನೆನಾ? ಅಲ್ಲ. ಪಾಲಿಫಿನಾಲ್ ರಕ್ತಕ್ಕೆ ಸೇರುವುದು ಸ್ವಲ್ಪವೇ. ಉಳಿದದ್ದು ನಾರಿನ ಜೊತೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಪದರಕ್ಕೆ ಅದು ಆಹಾರ, ಅಲ್ಲಿನ ಉರಿಯೂತ ತಗ್ಗಿಸುವುದೂ ಅದೇ. ಕಾಳು ತಿಂದಾಗ ಹೊಟ್ಟೆಯಲ್ಲಿ ಗ್ಯಾಸ್ ಆಗುತ್ತದಲ್ವಾ, ಅದೂ ಈ ಹುದುಗಿನದೇ. ಬೈಯಬೇಡಿ.

ಮುಳ್ಳು ಚುಚ್ಚಿದ ಬೆರಳು ಕೆಂಪಗೆ ಊದಿಕೊಳ್ಳುವುದು ಉರಿಯೂತ. ಅದು ಗಾಯ ಮಾಯಿಸುವ ಕೆಲಸ. ಆದರೆ ವರ್ಷಗಟ್ಟಲೆ ಮೈಯೊಳಗೆ ಸಣ್ಣಗೆ ಉಳಿದರೆ ಸಕ್ಕರೆ ಕಾಯಿಲೆಗೆ, ಹೃದಯದ ಕಾಯಿಲೆಗೆ ದಾರಿ ಮಾಡುತ್ತದೆ. ಕಾಳು ಇದಕ್ಕೆ ಔಷಧ ಅಂತ ನಾನು ಹೇಳುವುದಿಲ್ಲ. ಕಾಳಿನ ಪಲ್ಯ ಉಂಡೆನೆಂದು ಯಾರೂ ಗುಳಿಗೆ ಬಿಡಬೇಡಿ.

ಅಡುಗೆಮನೆಗೆ ಬರೋಣ. ಕಾಳು ಬೇಯಿಸಿದ ನೀರಿಗೆ ಬಣ್ಣದ ಜೊತೆ ಪಾಲಿಫಿನಾಲೂ ಇಳಿದಿರುತ್ತದೆ. ಹುರಳಿ ಕಟ್ಟು ಬಸಿದು ಸಾರು ಮಾಡುವ ಮನೆಗಳಲ್ಲಿ ಅದು ಚೆಲ್ಲಿಹೋಗುವುದಿಲ್ಲ. ಒಂದು ತೊಡಕೂ ಇದೆ. ಟ್ಯಾನಿನ್ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಮಡಕಿಕಾಳನ್ನು ಮೊಳಕೆ ಬರಿಸಿ, ಪಲ್ಯದ ಮೇಲೆ ಲಿಂಬಿಹಣ್ಣು ಹಿಂಡಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಊಟದ ಬೆನ್ನಿಗೇ ಚಹಾ ಬೇಡ, ಅದರಲ್ಲೂ ಟ್ಯಾನಿನ್ ಇದೆ.

ರಾಜ್ಮಾದ ಲೆಕ್ಕ ಬೇರೆ. ಅದು ಅರೆಬೆಂದರೆ ಅದರಲ್ಲಿನ ಲೆಕ್ಟಿನ್ ಎಂಬ ಪ್ರೋಟೀನ್‌ನಿಂದ ವಾಂತಿ, ಭೇದಿ ಆಗುತ್ತದೆ. ರಾತ್ರಿ ನೆನೆಹಾಕಿ, ಆ ನೀರು ಮಾತ್ರ ಧಾರಾಳವಾಗಿ ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿಗಿಟ್ಟು ಮೆತ್ತಗಾಗುವವರೆಗೆ ಬೇಯಿಸಿ.