‘ನಾನು ಬಂದೆ’ ಎನ್ನುವ ಮಗು: ಲಿಂಗ ಗುರುತು, ಆಟಿಸಂ ಮತ್ತು ಮನಸ್ಸಿನ ಆರೋಗ್ಯ

ಸಭೆಯಲ್ಲಿರುವ ಪೋಷಕರಿಗೂ ಶಿಕ್ಷಕರಿಗೂ ನಮಸ್ಕಾರ.

ತೊಟ್ಟಿಲಲ್ಲಿರುವ ಕೂಸು ನಮ್ಮ ಭಾಷೆಯಲ್ಲಿ ಅವನೂ ಅಲ್ಲ, ಅವಳೂ ಅಲ್ಲ; ಅದು ಅಳುತ್ತದೆ, ಅದು ನಗುತ್ತದೆ, ಅದು ನಿದ್ದೆಹೋಗುತ್ತದೆ. ಮಾತು ಕಲಿತ ಮೇಲೂ ಅದು ತನ್ನ ಬಗ್ಗೆ ‘ನಾನು ಬಂದೆ’ ಎಂದಷ್ಟೇ ಹೇಳುತ್ತದೆ. ಹಿಂದಿಯಾಡುವ ಮಗುವಿನಂತೆ ತನ್ನ ಕ್ರಿಯಾಪದದಲ್ಲಿಯೇ ತಾನು ಹೆಣ್ಣೋ ಗಂಡೋ ಎಂದು ಸಾರುವ ಪ್ರಮೇಯ ಅದಕ್ಕಿಲ್ಲ. ಲಿಂಗ ಬಂದು ಕೂರುವುದು ಬೇರೆಯವರ ಬಾಯಲ್ಲಿ: ಬಂದನು, ಬಂದಳು, ಬಾರೋ, ಬಾರೇ. ಅಲ್ಲೂ ನಾವು ಅಷ್ಟೊಂದು ಕಟ್ಟುನಿಟ್ಟಿನವರಲ್ಲ. ಮುದ್ದು ಉಕ್ಕಿದಾಗ ಮಗಳನ್ನೇ ‘ಬಾರೋ ಕಂದ’ ಎಂದು ಕರೆಯುವ ತಾಯಂದಿರು ಈ ಸಭೆಯಲ್ಲೇ ಹಲವರಿರಬಹುದು. ಇದನ್ನು ಹೇಳುವುದಕ್ಕೆ ಕಾರಣವಿದೆ. ಒಂದು ಮಗು ‘ನನ್ನನ್ನು ಬಾರೇ ಎನ್ನಬೇಡಿ’ ಎಂದಾಗ ಅದು ಎಲ್ಲಿಂದಲೋ ತಂದ ಹೊಸ ಸಿದ್ಧಾಂತವನ್ನು ಒಪ್ಪಿಸುತ್ತಿದೆ ಎಂದುಕೊಳ್ಳುವ ಮುನ್ನ, ತನ್ನನ್ನು ದಿನಕ್ಕೆ ನೂರು ಸಲ ಕರೆಯುವ ಒಂದು ದನಿಯ ಬಗ್ಗೆ ಅದು ಮಾತಾಡುತ್ತಿದೆ ಎಂಬುದನ್ನು ಗಮನಿಸಬೇಕು.

ಹುಡುಗ ಬಳೆ ತೊಟ್ಟರೆ, ಹುಡುಗಿ ಬ್ಯಾಟು ಕೆಳಗಿಡದಿದ್ದರೆ ಅದು ಆಟದ, ಅಭಿರುಚಿಯ ಸಂಗತಿ. ವೈದ್ಯರಿಗೆ ಅಲ್ಲಿ ಕೆಲಸವಿಲ್ಲ. ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ ಎಂಬ ಅರಿವು ಬಹುಕಾಲ ಗಟ್ಟಿಯಾಗಿ ನಿಂತು, ಅದರಿಂದ ಊಟ, ನಿದ್ದೆ, ಓದು, ಗೆಳೆತನ ಎಲ್ಲವೂ ಕದಡಿದಾಗ ಆ ಸಂಕಟಕ್ಕೆ ಜೆಂಡರ್ ಡಿಸ್ಫೋರಿಯಾ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯ ‘ಲಿಂಗ ಗುರುತಿನ ಕಾಯಿಲೆ’ ಎಂಬ ಹಳೆಯ ಹೆಸರನ್ನು ಕೈಬಿಟ್ಟು ಈ ಹೆಸರನ್ನು ತಂದಿತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರಗಿಟ್ಟಿತು. ಅಂದರೆ ಗುರುತು ಕಾಯಿಲೆಯಲ್ಲ, ಆರೈಕೆ ಬೇಕಾದದ್ದು ಸಂಕಟಕ್ಕೆ. ಇಷ್ಟನ್ನು ಒಪ್ಪಿದರೂ ‘ಈ ಮಗುವಿನ ಸಂಕಟ ಎಲ್ಲಿಂದ ಹುಟ್ಟುತ್ತಿದೆ’ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆಟಿಸಂ, ಅಂದರೆ ಬೇರೆಯವರೊಂದಿಗೆ ಬೆರೆಯುವ, ಸದ್ದು-ಸ್ಪರ್ಶಗಳನ್ನು ಗ್ರಹಿಸುವ ರೀತಿಯೇ ಮೊದಲಿನಿಂದ ಭಿನ್ನವಾಗಿರುವುದು, ಇರುವ ಮಕ್ಕಳಲ್ಲಿ ಅದು ಇನ್ನಷ್ಟು ತೊಡಕಾಗುತ್ತದೆ.

ಇವೆರಡೂ ಒಟ್ಟಿಗೆ ಕಾಣಿಸುವುದು ಆಕಸ್ಮಿಕವಲ್ಲ. ಆಮ್‌ಸ್ಟರ್‌ಡ್ಯಾಮಿನ ಲಿಂಗ ಗುರುತಿನ ಚಿಕಿತ್ಸಾಲಯಕ್ಕೆ ಬಂದ 204 ಮಕ್ಕಳನ್ನು ಪರೀಕ್ಷಿಸಿದ ವೈದ್ಯರು, ಅವರಲ್ಲಿ ಶೇಕಡಾ 7.8ರಷ್ಟು ಮಕ್ಕಳಿಗೆ ಆಟಿಸಂ ಇದೆಯೆಂದು 2010ರಲ್ಲಿ ವರದಿ ಮಾಡಿದರು. ಸಾಮಾನ್ಯ ಜನಸಮುದಾಯದಲ್ಲಿ ಆಗ ಎಣಿಸುತ್ತಿದ್ದದ್ದು ಶೇಕಡಾ ಒಂದರ ಆಸುಪಾಸು. ಹತ್ತು ವರ್ಷದ ನಂತರ ಕೇಂಬ್ರಿಡ್ಜಿನ ವರುಣ್ ವಾರಿಯರ್ ಮತ್ತು ಸಂಗಡಿಗರು ಆರು ಲಕ್ಷ ನಲವತ್ತು ಸಾವಿರದಷ್ಟು ಜನರ ಮಾಹಿತಿಯನ್ನು ಜಾಲಾಡಿ, ಹುಟ್ಟಿನ ಲಿಂಗದೊಂದಿಗೆ ಗುರುತಿಸಿಕೊಳ್ಳದವರಲ್ಲಿ ಆಟಿಸಂ ಉಳಿದವರಿಗಿಂತ ಮೂರರಿಂದ ಆರು ಪಟ್ಟು ಹೆಚ್ಚು ಎಂದು ತೋರಿಸಿದರು. ಈ ಅಂಕಿಗಳನ್ನು ತಿರುಗುಮುರುಗಾಗಿ ಓದಬಾರದು. ಆಟಿಸಂ ಇರುವ ಬಹುಪಾಲು ಮಕ್ಕಳಿಗೆ ತಮ್ಮ ಲಿಂಗದ ಬಗ್ಗೆ ಯಾವ ಗೊಂದಲವೂ ಇರುವುದಿಲ್ಲ. ನಂಟಿಗೆ ಕಾರಣವೇನೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸಮಾಜ ಹಾಕಿಕೊಟ್ಟ ಪಾತ್ರವನ್ನು ಅಭಿನಯಿಸುವ ಒತ್ತಡಕ್ಕೆ ಈ ಮಕ್ಕಳು ಅಷ್ಟಾಗಿ ಮಣಿಯದಿರುವುದರಿಂದ ಬೇರೆಯವರು ಅದುಮಿಟ್ಟುಕೊಳ್ಳುವುದನ್ನು ಇವರು ಬಾಯಿಬಿಟ್ಟು ಹೇಳುತ್ತಾರೆ ಎಂಬ ವಿವರಣೆಯೊಂದಿದೆ. ನನಗೆ ಅದು ಭಾಗಶಃ ಸರಿಯೆನಿಸುತ್ತದೆ, ಪೂರ್ತಿ ಅಲ್ಲ.

ಇನ್ನು ಒಂದು ಮಗುವನ್ನು ಹತ್ತಿರದಿಂದ ನೋಡೋಣ. ಇದು ಯಾವುದೇ ಒಂದು ಮಗುವಿನ ಕಥೆಯಲ್ಲ. ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಕೂಡಿಸಿ ಕಟ್ಟಿದ ಚಿತ್ರ. ಹದಿಮೂರು ವರ್ಷ, ಹೆಣ್ಣೆಂದು ಹೆಸರು ಬರೆಸಿದ್ದಾರೆ, ಮೈನೆರೆದು ಒಂದು ವರ್ಷವಾಗಿದೆ. ಶಾಲೆಯ ಚೂಡಿದಾರ ಹಾಕಲು ಒಲ್ಲದು, ವೇಲನ್ನು ಕಿತ್ತೆಸೆಯುತ್ತದೆ, ಕೂದಲನ್ನು ತಾನೇ ಕತ್ತರಿಸಿಕೊಂಡಿದೆ, ಮುಟ್ಟಿನ ದಿನಗಳಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ತಾಯಿಗೆ ಇದು ಹಟ. ಅಜ್ಜಿಗೆ ಯಾರದೋ ದೃಷ್ಟಿ. ಅಂತರ್ಜಾಲದಲ್ಲಿ ಓದಿಕೊಂಡ ಚಿಕ್ಕಪ್ಪನಿಗೆ ಇದು ಸ್ಪಷ್ಟವಾಗಿ ಲಿಂಗ ಗುರುತಿನ ಪ್ರಶ್ನೆ. ನಿಧಾನವಾಗಿ ಕೇಳುತ್ತಾ ಹೋದರೆ ಚೂಡಿದಾರದ ಕಂಕುಳ ಹೊಲಿಗೆ ಮೈ ಕೆರೆಯುತ್ತದೆ ಎಂದು ತಿಳಿಯುತ್ತದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯಿಂದ ನೆತ್ತಿ ಉರಿಯುತ್ತದೆ. ಪ್ಯಾಡಿನ ಒದ್ದೆ ಮತ್ತು ವಾಸನೆ ತಡೆಯಲಾಗದು. ಇವೆಲ್ಲ ಇಂದ್ರಿಯ ಸಂವೇದನೆಯ ಸಂಗತಿಗಳು, ಆಟಿಸಂ ಬಲ್ಲವರಿಗೆ ಪರಿಚಿತವಾದವು. ಇಲ್ಲಿಗೇ ನಿಲ್ಲಿಸಿ ‘ಸಿಕ್ಕಿತು ಕಾರಣ’ ಎಂದು ಏಳುವ ವೈದ್ಯರಿದ್ದಾರೆ. ಮೆತ್ತನೆಯ ಹತ್ತಿಯ ಕುರ್ತಾ ಬಂತು, ಕೂದಲು ಗಿಡ್ಡವಾಯಿತು, ಮುಟ್ಟಿಗೆ ಬೇರೆ ವ್ಯವಸ್ಥೆಯಾಯಿತು, ತಲೆ ಚಚ್ಚಿಕೊಳ್ಳುವುದೂ ನಿಂತಿತು. ಆಮೇಲೂ ಮಗು ಅದೇ ಸಮಚಿತ್ತದ ದನಿಯಲ್ಲಿ ‘ಆದರೂ ನಾನು ಹುಡುಗಿಯಲ್ಲ’ ಎನ್ನಬಹುದು. ಇನ್ನೊಂದು ಮಗು ಆ ಮಾತನ್ನೇ ಮರೆತು ತನಗೆ ಅಚ್ಚುಮೆಚ್ಚಾದ ರೈಲುಗಳ ವೇಳಾಪಟ್ಟಿಗೆ ಮರಳಬಹುದು. ಎರಡನ್ನೂ ಮೊದಲ ಭೇಟಿಯಲ್ಲೇ ಬೇರ್ಪಡಿಸಿ ಹೇಳುವ ರಕ್ತಪರೀಕ್ಷೆಯಾಗಲಿ ಪ್ರಶ್ನಾವಳಿಯಾಗಲಿ ಇಲ್ಲ.

ಆದ್ದರಿಂದ ನನಗೆ ಎರಡು ಅವಸರಗಳ ಬಗ್ಗೆಯೂ ತಕರಾರಿದೆ. ಆಟಿಸಂ ಎಂಬ ಪದ ಕಡತದಲ್ಲಿ ಕಂಡ ಕೂಡಲೇ ‘ಇದಕ್ಕೆ ತನ್ನ ಬಗ್ಗೆ ತನಗೇ ತಿಳಿಯದು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು ಇದರ ಸ್ವಭಾವ’ ಎಂದು ಮಗುವಿನ ಮಾತನ್ನು ತಳ್ಳಿಹಾಕುವುದು ಒಂದು ಅವಸರ. ಲಿಂಗದ ಮಾತು ಕಿವಿಗೆ ಬಿದ್ದ ಕೂಡಲೇ ಖಿನ್ನತೆ, ಶಾಲೆಯ ಕಿರುಕುಳ, ಊಟ ಬಿಡುವ ಚಾಳಿ, ಪತ್ತೆಯಾಗದೆ ಉಳಿದ ಆಟಿಸಂ ಎಲ್ಲವನ್ನೂ ಅದರ ಖಾತೆಗೆ ಬರೆದುಬಿಡುವುದು ಇನ್ನೊಂದು.

ಇಂಗ್ಲೆಂಡಿನಲ್ಲಿ ನಡೆದದ್ದು ಈ ಎರಡನೆಯದಕ್ಕೆ ಪಾಠವೆಂದು ಬಹಳ ಜನ ಹೇಳುತ್ತಾರೆ. 1989ರಲ್ಲಿ ಶುರುವಾಗಿ ಮುಂದೆ ಲಂಡನ್ನಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ಟ್ಯಾವಿಸ್ಟಾಕ್‌ನಲ್ಲಿ ನೆಲೆಸಿದ ಮಕ್ಕಳ ಲಿಂಗ ಗುರುತಿನ ಸೇವೆಗೆ 2011-12ರಲ್ಲಿ ಸುಮಾರು 250 ಮಕ್ಕಳನ್ನು ಕಳುಹಿಸಿದ್ದರೆ, 2021-22ರ ಹೊತ್ತಿಗೆ ಆ ಸಂಖ್ಯೆ 5,000 ದಾಟಿತ್ತು. ಮೊದಲು ಹೆಚ್ಚಾಗಿ ಬರುತ್ತಿದ್ದವರು ಗಂಡಾಗಿ ಹುಟ್ಟಿದ ಚಿಕ್ಕ ಮಕ್ಕಳು. ಆಮೇಲೆ ಹೆಣ್ಣಾಗಿ ಹುಟ್ಟಿದ ಹದಿಹರೆಯದವರು. ಈ ಸೇವೆಯನ್ನು ಪರಿಶೀಲಿಸಲು ನೇಮಕಗೊಂಡ ಮಕ್ಕಳ ತಜ್ಞೆ ಹಿಲರಿ ಕ್ಯಾಸ್ ಅವರ ಮಧ್ಯಂತರ ವರದಿ 2022ರಲ್ಲಿ ಹೇಳಿದಂತೆ ಅಲ್ಲಿಗೆ ಕಳುಹಿಸಿದ ಮಕ್ಕಳಲ್ಲಿ ಸರಿಸುಮಾರು ಮೂರನೆಯ ಒಂದು ಭಾಗಕ್ಕೆ ಆಟಿಸಂ ಅಥವಾ ಅದಕ್ಕೆ ಹತ್ತಿರದ ನರಬೆಳವಣಿಗೆಯ ಭಿನ್ನತೆ ಇತ್ತು. 2024ರ ಏಪ್ರಿಲ್‌ನ ಅಂತಿಮ ವರದಿ, ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧಗಳ ಪರವಾದ ಪುರಾವೆ ದುರ್ಬಲವೆಂದು ಹೇಳಿ, ಪ್ರತಿ ಮಗುವಿಗೂ ಸಮಗ್ರ ಪರೀಕ್ಷೆಯಾಗಬೇಕು, ಆಟಿಸಂ ತಪಾಸಣೆ ಅದರ ಭಾಗವಾಗಬೇಕು ಎಂದಿತು. ವರದಿ ಬರುವ ಮೊದಲೇ, ಮಾರ್ಚ್ ಅಂತ್ಯಕ್ಕೆ, ಟ್ಯಾವಿಸ್ಟಾಕ್ ಸೇವೆ ಮುಚ್ಚಿತ್ತು. ವರದಿಯ ವಿಧಾನವನ್ನು ಪ್ರಶ್ನಿಸಿದ ತಜ್ಞರೂ ಇದ್ದಾರೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಇಂಥ ಚಿಕಿತ್ಸೆಯನ್ನು ಬೆಂಬಲಿಸುವ ತನ್ನ ನಿಲುವನ್ನೇ ಮತ್ತೆ ಎತ್ತಿಹಿಡಿದು, ಜೊತೆಗೆ ಪುರಾವೆಗಳ ಪರಿಶೀಲನೆಗೂ ಒಪ್ಪಿತು. ಈ ಜಗಳದಲ್ಲಿ ಎದ್ದು ಕಾಣದ ಒಂದು ಸಂಗತಿಯೇ ನನಗೆ ಮುಖ್ಯವೆನಿಸುತ್ತದೆ: ಆ ಮಕ್ಕಳು ಮೊದಲ ಭೇಟಿಗಾಗಿ ಎರಡು ವರ್ಷಕ್ಕೂ ಹೆಚ್ಚು ಕಾದರು, ಮತ್ತು ಆ ಸರದಿಯಲ್ಲಿ ನಿಂತವರ ಖಿನ್ನತೆಯನ್ನಾಗಲಿ ಆತಂಕವನ್ನಾಗಲಿ ಸ್ಥಳೀಯ ವೈದ್ಯರು ಅನೇಕ ಕಡೆ ಮುಟ್ಟಲೇ ಇಲ್ಲ, ‘ಅದು ಲಿಂಗದ ವಿಷಯ, ಅಲ್ಲಿ ನೋಡುತ್ತಾರೆ’ ಎಂದು ಬಿಟ್ಟರು.

ಔಷಧದ ಮಾತು ಇಷ್ಟು ಸಾಕು, ಏಕೆಂದರೆ ನಮ್ಮ ಮನೆಗಳಲ್ಲಿ ಪ್ರಶ್ನೆ ಅಲ್ಲಿಯವರೆಗೆ ಬರುವುದೇ ಅಪರೂಪ. ಮನೆಯವರ ನಡವಳಿಕೆಯ ಬಗ್ಗೆ ಹೇಳಬಹುದಾದದ್ದು ಹೆಚ್ಚಿದೆ. ತಮ್ಮ ಗುರುತಿನಂತೆ ಬದುಕಲು ಮನೆಯವರ ಬೆಂಬಲ ಪಡೆದ ಮಕ್ಕಳನ್ನು ಅಮೆರಿಕದ ಕ್ರಿಸ್ಟಿನಾ ಓಲ್ಸನ್ ಮತ್ತು ಸಂಗಡಿಗರು 2016ರಲ್ಲಿ ಪರಿಶೀಲಿಸಿದಾಗ, ಅವರ ಖಿನ್ನತೆಯ ಮಟ್ಟ ಓರಗೆಯ ಮಕ್ಕಳಷ್ಟೇ ಇತ್ತು, ಆತಂಕ ಮಾತ್ರ ತುಸು ಹೆಚ್ಚಿತ್ತು. ಅವು ಬೆಂಬಲ ನೀಡಬಲ್ಲ ಕುಟುಂಬಗಳೇ ಆಗಿದ್ದುದರಿಂದ ಇದೇ ಎಲ್ಲರಿಗೂ ಅನ್ವಯಿಸುತ್ತದೆ ಎನ್ನಲಾಗದು. ಹಾಗಿದ್ದರೂ ಅವಮಾನ ಮತ್ತು ಹೊಡೆತ ಮಗುವಿನ ಗುರುತನ್ನು ಬದಲಿಸಿದ್ದಕ್ಕೆ ಪುರಾವೆಯಿಲ್ಲ, ಮನಸ್ಸನ್ನು ಕೆಡಿಸಿದ್ದಕ್ಕೆ ಬೇಕಾದಷ್ಟಿದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ, 2021ರಲ್ಲಿ ಪದ್ಮಶ್ರೀ ಪಡೆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಹದಿಹರೆಯದಲ್ಲಿ ತಾವು ಸಾಯಲು ಹೊರಟಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಹುಲಿಗೆಮ್ಮನ, ಸವದತ್ತಿ ಎಲ್ಲಮ್ಮನ ಪರಂಪರೆ ಇಂಥವರಿಗೆ ಜೋಗಪ್ಪ, ಜೋಗತಿ ಎಂಬ ಹೆಸರನ್ನೂ ಗೌರವವನ್ನೂ ಕೊಟ್ಟಿತು, ನಿಜ; ಆದರೆ ಆ ಜಾಗ ಬಹುಮಟ್ಟಿಗೆ ಮನೆಯ ಹೊಸಿಲಿನಿಂದಾಚೆ ಇತ್ತು, ಶಾಲೆಯ ಬೆಂಚಿನ ಮೇಲೆ ಇರಲಿಲ್ಲ. ‘ಸರಿಮಾಡಿಕೊಡುತ್ತೇನೆ’ ಎನ್ನುವ ಚಿಕಿತ್ಸಕರ ಬಳಿಗೂ ಹೋಗಬೇಡಿ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ.

ಮಗು ಸಾಯುವ ಮಾತಾಡಿದರೆ ಕಾರಣ ಹುಡುಕುತ್ತಾ ಕೂರಬಾರದು. ಆಟಿಸಂ ಇರುವವರಲ್ಲೂ ಲಿಂಗ ಗುರುತಿನ ಸಂಕಟ ಇರುವವರಲ್ಲೂ ಆ ಅಪಾಯ ಹೆಚ್ಚು, ಮತ್ತು ಆಟಿಸಂ ಇರುವ ಮಗು ಅದನ್ನು ಅಳುಮುಖವಿಲ್ಲದೆ, ನಾಳೆಯ ತಿಂಡಿಯ ವಿಷಯದಷ್ಟು ಸಪಾಟಾಗಿ ಹೇಳಬಹುದು. ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು. ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.

ಶಿಕ್ಷಕರಿಗೆ ಹೇಳಬೇಕಾದದ್ದು ಒಂದೇ ಉಳಿದಿದೆ. ಇಂಥ ಮಕ್ಕಳ ನೀರಿನ ಬಾಟಲಿಯನ್ನು ನೋಡಿ. ಬೆಳಿಗ್ಗೆ ತುಂಬಿಸಿ ಕಳುಹಿಸಿದ ಬಾಟಲಿ ಸಂಜೆಯೂ ತುಂಬಿಯೇ ಮನೆಗೆ ಮರಳುತ್ತಿದ್ದರೆ ಆ ಮಗು ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಬಾಯಾರಿಕೊಂಡು ಕೂತಿರಬಹುದು. ಅಲ್ಲಿನ ಗದ್ದಲವೋ, ಫಿನಾಯಿಲಿನ ವಾಸನೆಯೋ, ಬಾಗಿಲ ಮೇಲಿನ ಚಿತ್ರವೋ ಎಂಬುದನ್ನು ಆಮೇಲೆ ವಿಚಾರಿಸೋಣ. ಸದ್ಯಕ್ಕೆ ಸಿಬ್ಬಂದಿ ಕೊಠಡಿಯ ಪಕ್ಕದ ಒಂಟಿ ಶೌಚಾಲಯದ ಕೀಲಿಯನ್ನು, ತರಗತಿಯ ಮುಂದೆ ಕಾರಣ ಕೇಳದೆ, ಅದರ ಕೈಗೆ ಕೊಡಿ.