‘ರ್ಯಾಬಿಡ್’ ಎಂಬ ವಿಶೇಷಣ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನ ‘ರ್ಯಾಬಿಡ್’ ಎಂಬ ವಿಶೇಷಣವನ್ನು ನಾವು ‘ಕಟ್ಟಾ’ ಅಥವಾ ‘ತೀವ್ರ’ ಎಂದು ಸಲೀಸಾಗಿ ಅನುವಾದಿಸಿ ಮುಂದೆ ಹೋಗುತ್ತೇವೆ. ಆ ಪದದೊಳಗೆ ಒಂದು ರೋಗ ಅಡಗಿದೆ ಎಂಬುದನ್ನು ಮರೆತರೆ, ಹೇಳಹೊರಟದ್ದು ಒಂದಾಗಿ ಹೇಳಿದ್ದು ಇನ್ನೊಂದಾಗುತ್ತದೆ.

ಲ್ಯಾಟಿನ್ನಿನಲ್ಲಿ ‘ರಬೆರೆ’ ಎಂದರೆ ಹುಚ್ಚೇಳುವುದು, ಕೆರಳಿ ಅಬ್ಬರಿಸುವುದು. ‘ರ್ಯಾಬಿಡ್’ ಬಂದದ್ದು ಆ ಧಾತುವಿನಿಂದ. ರೇಬೀಸ್ ಎಂಬ ಕಾಯಿಲೆಯ ಹೆಸರೂ, ಕಡುಕೋಪವನ್ನು ಹೇಳುವ ‘ರೇಜ್’ ಪದವೂ ಅದೇ ಬುಡದ ಕವಲುಗಳು. ಉಚ್ಚಾರಣೆ ಬೇರೆಯಾದ್ದರಿಂದ ಈ ನಂಟು ಕಿವಿಗೆ ಥಟ್ಟನೆ ಹತ್ತುವುದಿಲ್ಲ. 17ನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲಿಷಿನಲ್ಲಿ ಇದಕ್ಕಿದ್ದದ್ದು ಉನ್ಮತ್ತ ಎಂಬ ಅರ್ಥ. ರೇಬೀಸ್ ತಗಲಿದ ಎಂಬ ಖಚಿತ ಅರ್ಥ ಅನಂತರ ಸೇರಿತು. ಇಂದು ಈ ಪದ ಕೇಳಿದೊಡನೆ ಮನಸ್ಸಿಗೆ ಬರುವುದು ಬಾಯಿಂದ ನೊರೆ ಸುರಿಸುವ ನಾಯಿಯೇ.

ಆ ರೋಗವನ್ನು ಹತ್ತಿರದಿಂದ ನೋಡಿದರೆ ರೂಪಕದ ಬಲ ತಿಳಿಯುತ್ತದೆ. ಕಡಿದ ಪ್ರಾಣಿಯ ಜೊಲ್ಲಿನಿಂದ ಮೈ ಹೊಕ್ಕ ವೈರಾಣು ನರಗಳ ಹಾದಿ ಹಿಡಿದು ಮಿದುಳಿಗೇರುತ್ತದೆ. ಬಾಯಾರಿ ಬಳಲುವ ರೋಗಿಗೆ ನೀರಿನ ಲೋಟ ತುಟಿಯ ಬಳಿ ಬಂದರೆ ಸಾಕು, ಗಂಟಲು ಸೆಟೆದುಕೊಳ್ಳುತ್ತದೆ. ಆದ್ದರಿಂದ ಒಬ್ಬರನ್ನು ಯಾವುದೋ ಪಕ್ಷದ ‘ರ್ಯಾಬಿಡ್’ ಬೆಂಬಲಿಗರೆಂದು ಕರೆದಾಗ, ಅವರ ನಿಷ್ಠೆ ಗಾಢವಾಗಿದೆ ಎಂದಷ್ಟೇ ಹೇಳಿದಂತಲ್ಲ. ಅವರು ವಿವೇಚನೆ ಕಳೆದುಕೊಂಡಿದ್ದಾರೆ, ಎದುರಾಡಿದವರ ಮೇಲೆರಗುತ್ತಾರೆ, ಅವರ ಆವೇಶ ಮತ್ತೊಬ್ಬರಿಗೂ ತಗಲೀತು ಎಂಬ ದೂರೂ ಅದರಲ್ಲಿದೆ. ಇದನ್ನು ‘ಕಟ್ಟಾ ಬೆಂಬಲಿಗ’ ಎಂದರೆ ಆ ದೂರು ಪೂರ್ತಿ ತೊಳೆದುಹೋಗುತ್ತದೆ. ತಿರುಗುಮುರುಗಾದಾಗ ಅನ್ಯಾಯ ಇನ್ನೂ ದೊಡ್ಡದು: ‘ಕಟ್ಟಾ ಅಹಿಂಸಾವಾದಿ’ ಎಂಬ ಗೌರವದ ಮಾತನ್ನು ಇಂಗ್ಲಿಷಿಗೆ ತರುವವರು ‘ರ್ಯಾಬಿಡ್’ ಪದವನ್ನು ಎತ್ತಿಕೊಂಡರೆ, ಕಚ್ಚದಿರುವುದನ್ನೇ ವ್ರತ ಮಾಡಿಕೊಂಡವರಿಗೆ ಕಚ್ಚುವ ಪ್ರಾಣಿಯ ಹೆಸರಿಟ್ಟಂತೆ. ಅಲ್ಲಿಗೆ ಒಪ್ಪುವುದು ‘ಸ್ಟಾಂಚ್’. ಮೂಲದಲ್ಲಿ ಅದಕ್ಕೆ ನೀರು ಸೋರದ್ದು ಎಂಬ ಅರ್ಥವಿತ್ತು. ಬರಿಯ ಅತೀವ ಆಸಕ್ತಿಯಾದರೆ ‘ಆ್ಯವಿಡ್’ ಇದೆ. ಪ್ರಾಸ ಸಮೀಪವಾದ್ದರಿಂದ ‘ಆ್ಯವಿಡ್’, ‘ರ್ಯಾಬಿಡ್’ ಎರಡನ್ನು ಅದಲುಬದಲು ಮಾಡುವವರೂ ಇದ್ದಾರೆ.

ಕನ್ನಡದಲ್ಲಿ ಒಂದೇ ಪದ ಎಲ್ಲ ಕಡೆಗೂ ಸಾಲದು. ಧರ್ಮದ ಮಾತಾದರೆ ‘ಮತಾಂಧ’ ಸಲ್ಲುತ್ತದೆ, ಆದರೆ ಅದು ಕಾಣಿಸುವುದು ಕುರುಡನ್ನು, ಕಡಿತವನ್ನಲ್ಲ. ದ್ವೇಷದ ಮಾತಾದರೆ ‘ತಲೆಗೇರಿದ ದ್ವೇಷ’ ಎನ್ನುವುದು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ವೈರಾಣು ಏರುವುದೂ ಅಲ್ಲಿಗೇ. ಇನ್ನು ಆಟದ ಅಥವಾ ಸಂಗೀತದ ‘ರ್ಯಾಬಿಡ್ ಫ್ಯಾನ್’ ಎಂದಾಗ ಪದದ ನಂಜು ಬಹುಮಟ್ಟಿಗೆ ಇಳಿದಿರುತ್ತದೆ. ಕೆಲವರು ತಮ್ಮನ್ನೇ ಹಾಗೆ ಕರೆದುಕೊಳ್ಳುವುದುಂಟು. ಅಲ್ಲಿಗೆ ‘ಹುಚ್ಚು ಅಭಿಮಾನಿ’ ಎಂಬುದೇ ತಕ್ಕದ್ದು. ಓದಿನ ಹುಚ್ಚು, ಹಾಡಿನ ಹುಚ್ಚು ಎನ್ನುವಾಗ ಅಕ್ಕರೆಯನ್ನೂ, ಹುಚ್ಚುನಾಯಿ ಎನ್ನುವಾಗ ರೋಗವನ್ನೂ ಹೇಳುವುದು ನಮ್ಮಲ್ಲಿ ಆ ಒಂದೇ ಮಾತು.