ಚಿನ್ನಿಯ ಮೂಲೆ

ಬಾಗಿಲಿನಿಂದ ಹತ್ತು ಹೆಜ್ಜೆ ನಡೆದರೆ ನಮ್ಮ ಮನೆ ಮುಗಿಯುತ್ತದೆ. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಬಚ್ಚಲು. ಇಷ್ಟರಲ್ಲೇ ನಾವಿಬ್ಬರು, ಜೊತೆಗೆ ನಮ್ಮ ಬೆಕ್ಕು ಚಿನ್ನಿ. ಈ ಮೇಜಿನ ಕೆಳಗೆ ಒಂದು ಪರದೆ ಕಾಣಿಸುತ್ತಿದೆ ಅಲ್ವಾ? ಅದರ ಹಿಂದೆ ಇರುವುದು ಅವಳ ಲಿಟರ್ ಬಾಕ್ಸ್, ಅಂದರೆ ಮರಳು ತುಂಬಿದ ಅವಳ ಕಕ್ಕಸಿನ ಡಬ್ಬ. ಇದು ಅದರ ಮೂರನೇ ಜಾಗ.

ಮೊದಲು ಇಟ್ಟಿದ್ದು ಬಚ್ಚಲಲ್ಲಿ, ಬಾಗಿಲ ಹಿಂದೆ. ಬಂದವರ ಕಣ್ಣಿಗೆ ಬೀಳಬಾರದು ಅಂತ. ವಾರ ಕಳೆಯುವಷ್ಟರಲ್ಲಿ ಹಾಸಿಗೆ ಮೇಲೆ ಉಚ್ಚೆ ಮಾಡಿದಳು. ತಕ್ಷಣ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ನೀವೂ ಹಾಗೇ ಮಾಡಿ. ಬೆಕ್ಕು ಬಾಕ್ಸ್ ಬಿಟ್ಟು ಬೇರೆ ಕಡೆ ಹೋಗುವುದಕ್ಕೆ ಎಷ್ಟೋ ಸಲ ಉಚ್ಚೆ ಉರಿಯೇ ಕಾರಣ. ಅದರಲ್ಲೂ ಗಂಡು ಬೆಕ್ಕು ತಿಣುಕುತ್ತಿದ್ದು ಹನಿಯೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರ ಕಟ್ಟಿದರೆ ಜೀವಕ್ಕೇ ಅಪಾಯ.

ಚಿನ್ನಿಗೆ ಕಾಯಿಲೆ ಏನೂ ಇರಲಿಲ್ಲ. ನಾವು ಸ್ನಾನಕ್ಕೆ ಹೋದಾಗೆಲ್ಲ ಬಾಗಿಲು ಹಾಕುತ್ತಿದ್ದೆವು. ಪಾಪ, ಅವಳು ಹೊರಗೇ ಕಾಯಬೇಕಿತ್ತು.

ಆಮೇಲೆ ವಾಷಿಂಗ್ ಮಷಿನ್ ಪಕ್ಕ ಇಟ್ಟೆವು. ಒಂದು ದಿನ ಅವಳು ಬಾಕ್ಸ್ ಒಳಗಿರುವಾಗಲೇ ಮಷಿನ್ ಜೋರಾಗಿ ತಿರುಗಲು ಶುರುವಾಯಿತು. ಮರಳೆಲ್ಲ ಚೆಲ್ಲಿ ಹಾರಿ ಓಡಿದಳು. ಮತ್ತೆ ಆ ಕಡೆ ಕಾಲಿಡಲಿಲ್ಲ.

ಅವತ್ತು ನಾನು ನೆಲದ ಮೇಲೆ ಬೋರಲು ಮಲಗಿ, ಅವಳ ಎತ್ತರದಿಂದ ಮನೆ ನೋಡಿದೆ. ಅಲ್ಲಿಂದ ನೋಡಿದರೆ ಲೆಕ್ಕವೇ ಬೇರೆ. ಯಾರು ಎಲ್ಲಿಂದ ಬರುತ್ತಾರೆ, ಎಲ್ಲಿಂದ ತಪ್ಪಿಸಿಕೊಳ್ಳಬಹುದು, ಅಷ್ಟೇ ಕಾಣುವುದು. ಈ ಮೇಜಿನ ಕೆಳಗೆ ಬೆನ್ನಿಗೆ ಗೋಡೆ ಇದೆ, ಎಡಕ್ಕೂ ಬಲಕ್ಕೂ ದಾರಿ ಇದೆ. ಊಟದ ಬಟ್ಟಲು ಆ ತುದಿಯಲ್ಲಿ, ದೂರ. ಹಳೇ ಬಾಕ್ಸ್ ಇದ್ದಲ್ಲೇ ಬಿಟ್ಟು, ಇಲ್ಲಿ ಹೊಸದೊಂದು ಇಟ್ಟೆವು. ಅವಳು ಇದಕ್ಕೇ ಬರಲು ಶುರುಮಾಡಿದ ಮೇಲೆ ಅದನ್ನು ತೆಗೆದೆವು.

ಹತ್ತಿರದಿಂದ ತೋರಿಸುತ್ತೇನೆ. ಇದು ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬ. ಮೂಗಿನಿಂದ ಬಾಲದ ಬುಡದವರೆಗೆ ಚಿನ್ನಿ 42 ಸೆಂಟಿಮೀಟರ್. ಬಾಕ್ಸ್ ಅದರ ಒಂದೂವರೆ ಪಟ್ಟು ಉದ್ದ ಇರಬೇಕು, ಅಂದರೆ 63. ಮನೆ ಚಿಕ್ಕದು ಅಂತ ಇದರಲ್ಲಿ ಮಾತ್ರ ಜಿಪುಣತನ ಬೇಡ. ಮುಂದಿನ ಗೋಡೆಯನ್ನು ತಗ್ಗಾಗಿ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿದ್ದೇವೆ. ಬೆರಳಾಡಿಸಿದರೂ ಚುಚ್ಚುವುದಿಲ್ಲ. ಮುಚ್ಚಳ ಹಾಕಿಲ್ಲ. ಮುಚ್ಚಿದರೆ ವಾಸನೆ ನಮಗೆ ಕಡಿಮೆ, ಒಳಗೆ ಕೂತವಳಿಗೆ ಜಾಸ್ತಿ.

ನೋಡಿ, ಬಂದಳು. ಮೊದಲು ಮೂಸುತ್ತಾಳೆ. ಬಲಗಾಲಲ್ಲಿ ಗುಂಡಿ ತೋಡುತ್ತಾಳೆ, ಸರಿ ಬರದಿದ್ದರೆ ಪಕ್ಕದಲ್ಲಿ ಇನ್ನೊಂದು. ಮುಗಿದ ಮೇಲೆ ಮುಚ್ಚಿ, ಮತ್ತೆ ಮೂಸಿ, ಇನ್ನೊಂದು ಸಲ ಮುಚ್ಚುತ್ತಾಳೆ. ಹೀಗೆ ಕೆರೆಯಲು ನಾಲ್ಕು ಬೆರಳು ಆಳ ಮರಳು ಬೇಕು. ಸುವಾಸನೆ ಹಾಕಿದ್ದು ಬೇಡ, ಅದರ ಘಾಟು ಎಷ್ಟೋ ಬೆಕ್ಕುಗಳಿಗೆ ಆಗುವುದಿಲ್ಲ. ಕಾಲ್ಬೆರಳ ಸಂದಿಯಲ್ಲಿ ಸಿಕ್ಕ ಕಾಳುಗಳು ಈ ಮ್ಯಾಟ್ ಮೇಲೆ ಉದುರುತ್ತವೆ.

ಹಾಲ್‌ನಲ್ಲೇ ಇಟ್ಟರೆ ನಾತ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ದಿನಕ್ಕೆ ಎರಡು ಸಲ ಮಲ, ಉಚ್ಚೆಗೆ ಕಟ್ಟಿದ ಮರಳಿನ ಗಂಟು ತೆಗೆದರೆ ಇಲ್ಲ. ದಿನಾ ತೆಗೆಯಲು ಇನ್ನೊಂದು ಕಾರಣವೂ ಇದೆ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಇದ್ದರೂ, ಅದು ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ತೆಗೆದರೆ ಅದಕ್ಕೆ ಅವಕಾಶ ಕಡಿಮೆ. ಆದರೂ ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ. ಬಾಕ್ಸ್ ತೊಳೆಯಲು ಸಾದಾ ಸೋಪು ಸಾಕು. ಬ್ಲೀಚ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಫಿನಾಯಿಲ್ ಅಂತೂ ಬೆಕ್ಕಿಗೇ ವಿಷ.

ನಾನು ಕೆಲಸ ಮಾಡುವುದು ಇದೇ ಮೇಜಿನ ಮೇಲೆ. ರಾತ್ರಿ ಟೈಪ್ ಮಾಡುತ್ತಿದ್ದರೆ ಕೆಳಗಿನಿಂದ ಕರಕರ ಸದ್ದು ಕೇಳುತ್ತದೆ. ನಾನು ಕಾಲು ಸ್ವಲ್ಪ ಪಕ್ಕಕ್ಕೆ ಎಳೆದುಕೊಳ್ಳುತ್ತೇನೆ. ಅವಳು ಹೊರಗೆ ಬರುವವರೆಗೂ ಅಲ್ಲಾಡುವುದಿಲ್ಲ.